ಚಿಕ್ಕ ಗಡಿಯಾರದಿಂದ ಕರ್ಜನ್ ಪಾರ್ಕಿನವರೆಗೆ: ಮಕ್ಕಳಿಗೆ ಜಿಯೋಕ್ಯಾಶಿಂಗ್ ಮಾಡಿಸಬೇಕು, ಸಲಹೆ ಕೊಡಿ

ಅಗ್ರಹಾರದ ಅತ್ತೆ · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ.

ನಮ್ಮ ಅಣ್ಣನ ಮಕ್ಕಳಿಬ್ಬರು, ಬೀದಿಯ ಮಕ್ಕಳು ಏಳು ಜನ. ಹತ್ತರಿಂದ ಹದಿನಾಲ್ಕು ವರ್ಷದವರು. ಎಲ್ಲರೂ ಮೈಸೂರಿನಲ್ಲೇ ಹುಟ್ಟಿದವರು. ಮೊನ್ನೆ ಸುಮ್ನೆ ಕೇಳಿದೆ, ಚಿಕ್ಕ ಗಡಿಯಾರ ಎಲ್ಲಿದೆ ಅಂತ. ಇಬ್ಬರಿಗೆ ಮಾತ್ರ ಗೊತ್ತಿತ್ತು. ಸ್ಕೂಟರಿನ ಹಿಂದೆ ಕೂತು ಅದರ ಪಕ್ಕದಲ್ಲೇ ಎಷ್ಟೋ ಸಲ ಹೋಗಿದ್ದಾರೆ. ಯಾರೂ ತಲೆ ಎತ್ತಿ ನೋಡಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೋದ ವರ್ಷ ಜರ್ಮನಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಒಂದು ಸಂಜೆ ಭಾವ ನಮ್ಮನ್ನು ಅಲ್ಲಿನ ಪೇಟೆ ಚೌಕಕ್ಕೆ ಕರೆದುಕೊಂಡು ಹೋದರು. ಫೋನಿನಲ್ಲಿ ಒಂದು ಅಕ್ಷಾಂಶ, ಒಂದು ರೇಖಾಂಶ. ಅಲ್ಲಿಗೆ ಹೋದರೆ ಒಂದು ಪ್ರತಿಮೆ. ಅದರ ಕೆಳಗಿನ ಇಸವಿ ಓದಬೇಕು. ಆಮೇಲೆ ಕಾರಂಜಿಯ ಸುತ್ತ ಎಷ್ಟು ಕಂಬ ಅಂತ ಎಣಿಸಬೇಕು. ಕೂಡಿ ಕಳೆದರೆ ಮುಂದಿನ ಜಾಗ ಗೊತ್ತಾಗುತ್ತದೆ. ಹಾಗೇ ಹೋಗುತ್ತಾ ಹೋಗುತ್ತಾ ಕೊನೆಗೆ ಪಾರ್ಕಿನಲ್ಲಿ ಒಂದು ಮರದ ಬುಡದಲ್ಲಿ ಪುಟ್ಟ ಡಬ್ಬಿ ಸಿಕ್ಕಿತು. ಒಳಗೆ ಒಂದು ಸಣ್ಣ ಪುಸ್ತಕ. ಮುಂಚೆ ಬಂದವರೆಲ್ಲ ಹೆಸರು, ತಾರೀಖು ಬರೆದಿದ್ದರು. ನಾನು ಕನ್ನಡದಲ್ಲೇ ಬರೆದು ಬಂದೆ. ಈ ಆಟಕ್ಕೇ ಜಿಯೋಕ್ಯಾಶಿಂಗ್ ಅನ್ನುತ್ತಾರಂತೆ.

ಈಗ ಅದನ್ನೇ ನಮ್ಮೂರಿನಲ್ಲಿ ಮಾಡಬೇಕು ಅಂತ ಆಸೆ. ಚಿಕ್ಕ ಗಡಿಯಾರದಲ್ಲಿ ಶುರು. ದೇವರಾಜ ಮಾರುಕಟ್ಟೆ, ಕೆ.ಆರ್. ಸರ್ಕಲ್, ಚಾಮರಾಜ ಸರ್ಕಲ್, ದೊಡ್ಡ ಗಡಿಯಾರ, ಪುರಭವನ. ಕೊನೆಗೆ ಕರ್ಜನ್ ಪಾರ್ಕ್. ಒಂದೊಂದು ಕಡೆ ಒಂದೊಂದು ಡಬ್ಬಿ ಬಚ್ಚಿಡೋಣ ಅಂತ ಲೆಕ್ಕ. ದಸರಾ ಜನಸಂದಣಿ ಮುಗಿದ ಮೇಲೆ ಒಂದು ಭಾನುವಾರ. ಇದರಲ್ಲಿ ಅನುಭವ ಇರುವವರು ದಯವಿಟ್ಟು ಹೇಳಿ.

ಮಂಡ್ಯದ ಮಗ · ಶನಿವಾರ ರಾತ್ರಿ

ಅಕ್ಕಾ, ತುಂಬಾ ಒಳ್ಳೆ ಯೋಚನೆ. ನನ್ನ ಮಗನನ್ನೂ ಕರೆದುಕೊಂಡು ಬರುತ್ತೇನೆ. ಮಂಡ್ಯದಿಂದ ಬೆಳಗಿನ ರೈಲು ಹಿಡಿದರೆ ಆರಾಮಾಗಿ ತಲುಪುತ್ತೇವೆ. ಜಿಯೋಕ್ಯಾಶಿಂಗ್ ಅನ್ನೋ ಹೆಸರು ಇವತ್ತೇ ಕೇಳಿದ್ದು. ಸ್ವಲ್ಪ ಬಿಡಿಸಿ ಹೇಳಿ.

ಡಬ್ಬಿ ಹುಡುಕುವವನು · ಭಾನುವಾರ ಬೆಳಿಗ್ಗೆ

ನಾನು ಕೆಲಸದ ಮೇಲೆ ಹೊರದೇಶದಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿ ಈ ಆಟ ಹಿಡಿಸಿತು. ಮೊದಲು ಹುಟ್ಟಿದ ಕಥೆ ಹೇಳುತ್ತೇನೆ, ಮಕ್ಕಳಿಗೂ ಹೇಳಿ, ಇಷ್ಟಪಡುತ್ತಾರೆ.

ಉಪಗ್ರಹದ ಸಿಗ್ನಲಿನಿಂದ ನಾವಿರುವ ಜಾಗ ತಿಳಿಸುವ ಜಿಪಿಎಸ್ ಅಮೆರಿಕದ ಸೇನೆಯದ್ದು. ಮೊದಲು ಸಾಮಾನ್ಯ ಜನರಿಗೆ ಸಿಗುವ ಸಿಗ್ನಲನ್ನು ಬೇಕಂತಲೇ ಕೆಡಿಸಿ ಬಿಡುತ್ತಿದ್ದರು. ನೂರು ಮೀಟರ್ ಹತ್ತಿರ ತಪ್ಪು ತೋರಿಸುವ ಹಾಗೆ. 2000ದ ಮೇ ತಿಂಗಳ ಮೊದಲಲ್ಲಿ ಅದನ್ನು ನಿಲ್ಲಿಸಿದರು. ಒಂದೇ ರಾತ್ರಿಯಲ್ಲಿ ಎಲ್ಲರ ಜಿಪಿಎಸ್ಸೂ ಹತ್ತು ಪಟ್ಟು ನಿಖರವಾಯಿತು. ಮೇ 3ಕ್ಕೆ ಆರೆಗಾನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬುವರು ಕಾಡಿನ ಪಕ್ಕ ಒಂದು ಬಕೆಟ್ ಇಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕಿದರು. ಹುಡುಕಿ ನೋಡೋಣ ಅಂತ. ಮೂರು ದಿನದೊಳಗೆ ಹುಡುಕಿದವರು ಬಂದೇಬಿಟ್ಟರು. ಬಕೆಟ್ಟಿನಲ್ಲಿ ಪುಸ್ತಕ, ಸ್ವಲ್ಪ ದುಡ್ಡು, ಒಂದು ಕವಣೆ, ಒಂದು ಡಬ್ಬಿ ಬೀನ್ಸ್ ಇತ್ತಂತೆ. ಅದೇ ಸೆಪ್ಟೆಂಬರಿನಲ್ಲಿ ಈ ಆಟಕ್ಕೇ ಒಂದು ವೆಬ್‌ಸೈಟ್ ಶುರುವಾಯಿತು. ಇವತ್ತು ಪ್ರಪಂಚದಲ್ಲಿ ಮೂವತ್ತು ಲಕ್ಷಕ್ಕೂ ಜಾಸ್ತಿ ಡಬ್ಬಿಗಳಿವೆ.

ನಿಯಮ ಕಡಿಮೆ. ಡಬ್ಬಿಯಲ್ಲಿ ಹೆಸರು ಬರೆಯುವ ಪುಸ್ತಕ ಇರಲೇಬೇಕು. ನೆಲ ಅಗೆದು ಹೂಳಬಾರದು. ತಿನ್ನುವ ವಸ್ತು ಇಡಬಾರದು. ಆ ಬೀನ್ಸ್ ಡಬ್ಬಿ ಇವತ್ತಾಗಿದ್ದರೆ ನಿಯಮಕ್ಕೆ ವಿರುದ್ಧ. ಒಳಗಿರುವ ಸಾಮಾನು ತೆಗೆದುಕೊಂಡರೆ ಅಷ್ಟೇ ಬೆಲೆಯದ್ದು ಇಟ್ಟು ಬರಬೇಕು. ಜಾಗದ ಒಡೆಯರ ಒಪ್ಪಿಗೆ ಬೇಕು. ಬೇರೆ ಬೇರೆ ಆಟದ ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಇರಬೇಕು. ಒಂದೇ ಆಟದ ಹಂತಗಳಿಗೆ ಇದು ಅನ್ವಯಿಸುವುದಿಲ್ಲ. ಮೇಡಂ ಹೇಳುತ್ತಿರುವ ಹಾಗೆ ಹಂತ ಹಂತವಾಗಿ ಹೋಗುವ ಆಟಕ್ಕೆ ಮಲ್ಟಿ ಅನ್ನುತ್ತಾರೆ.

ಒಂದು ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ಮಾರುಕಟ್ಟೆಯಲ್ಲಿ, ಸರ್ಕಲ್‌ನಲ್ಲಿ ಡಬ್ಬಿ ಇಡಲೇಬೇಡಿ.

ಅಗ್ರಹಾರದ ಅತ್ತೆ · ಭಾನುವಾರ ಬೆಳಿಗ್ಗೆ

ಯಾಕೆ ಸರ್? ಚಿಕ್ಕದು, ಬೆರಳುದ್ದದ್ದು ಇಟ್ಟರೂ ಬೇಡವಾ? ಜರ್ಮನಿಯಲ್ಲಿ ಬೆಂಚಿನ ಕೆಳಗೆ ಅಂಟಿಸಿದ್ದರು.

ಹಳೇ ಪೇಟೆ · ಭಾನುವಾರ ಮಧ್ಯಾಹ್ನ

ನಾನು ಹೇಳುತ್ತೇನಮ್ಮ. ಅರಮನೆ ಪಕ್ಕದ ಜಾಗ ಇದು. ಟೇಪು ಸುತ್ತಿದ ಡಬ್ಬಿಯನ್ನು ಯಾರೋ ಒಬ್ಬರು ಸಂದಿಯಲ್ಲಿ ತುರುಕಿ ಹೋದರೆ ನೋಡಿದವರು ಏನಂದುಕೊಳ್ಳಬೇಕು? 2016ರ ಆಗಸ್ಟ್ 1ರಂದು ಇದೇ ಊರಿನ ಕೋರ್ಟ್ ಆವರಣದಲ್ಲಿ ಸ್ಫೋಟ ಆಗಿತ್ತು. ಆಮೇಲೆ ಎಷ್ಟೋ ದಿನ ಬಿಟ್ಟುಹೋದ ಬ್ಯಾಗ್ ಕಂಡರೂ ಜನ ಹೆದರುತ್ತಿದ್ದರು. ಒಂದು ಫೋನ್ ಕರೆ ಹೋದರೆ ಸಾಕು, ಪೊಲೀಸರು, ನಾಯಿ, ರಸ್ತೆ ಬಂದ್. ಮಕ್ಕಳ ಆಟ ಅಂತ ಯಾರಿಗೆ ಹೇಳಿಕೊಂಡು ಬರುತ್ತೀರಿ?

ಇನ್ನೊಂದು ಕಾರಣವೂ ಇದೆ. ಈ ಕಟ್ಟಡಗಳಿಗೆ ವಯಸ್ಸಾಗಿದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜೀವ ಹೋಯಿತು. 2016ರಲ್ಲಿ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ದ್ವಾರ ಬಿತ್ತು. ಹಳೇ ಗೋಡೆಯ ಬಿರುಕಿಗೆ ಮಕ್ಕಳು ಕೈ ಹಾಕುವ ಆಟ ಆಗಬಾರದು. ಚೇಳು, ಹಾವಿನ ಮಾತು ಬೇರೆ.

ಆದರೆ ನಿಮ್ಮ ಆಸೆ ಬಿಡಬೇಡಿ. ಈ ಊರನ್ನು ನಮ್ಮ ಮಕ್ಕಳು ನಡೆದು ನೋಡಬೇಕು. ಅದಕ್ಕೆ ಡಬ್ಬಿಯೇ ಬೇಕು ಅಂತಿಲ್ಲ.

ಡಬ್ಬಿ ಹುಡುಕುವವನು · ಭಾನುವಾರ ಮಧ್ಯಾಹ್ನ

ಹಳೇ ಪೇಟೆ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ದಾರಿ ಇದೆ ಮೇಡಂ. ಪೇಟೆಯಲ್ಲಿ ಏನನ್ನೂ ಬಚ್ಚಿಡಬೇಡಿ. ಅಲ್ಲಿ ಈಗಾಗಲೇ ಇರುವುದನ್ನೇ ಸುಳಿವು ಮಾಡಿ. ಜರ್ಮನಿಯ ಆ ಪ್ರತಿಮೆಯ ಇಸವಿ ಹಾಗೇ ಅಲ್ವಾ? ಡಬ್ಬಿ ಒಂದೇ ಒಂದು, ಪಾರ್ಕಿನಲ್ಲಿ, ಒಪ್ಪಿಗೆ ತೆಗೆದುಕೊಂಡು. ಡಬ್ಬಿಯ ಮೇಲೆ ಇದು ಏನು, ಯಾರದ್ದು, ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಕನ್ನಡದಲ್ಲಿ ದಪ್ಪಗೆ ಬರೆಯಿರಿ. ಒಳಗಿನದು ಕಾಣುವ ಪಾರದರ್ಶಕ ಡಬ್ಬಿಯಾದರೆ ಇನ್ನೂ ಒಳ್ಳೆಯದು.

ಅಗ್ರಹಾರದ ಅತ್ತೆ · ಭಾನುವಾರ ಸಂಜೆ

ಅರ್ಥ ಆಯಿತು. ಆರು ಡಬ್ಬಿ ಬಿಟ್ಟೆ. ಇನ್ನು ಒಂದೇ.

ಈಗ ಸುಳಿವು ಹುಡುಕಬೇಕು. ಒಂದು ಹೊಳೆದಿದೆ, ನೋಡಿ ಹೇಳಿ. ಚಿಕ್ಕ ಗಡಿಯಾರ 1886ರದ್ದು, ವೈಸ್‌ರಾಯ್ ಡಫರಿನ್ ಬಂದ ನೆನಪಿಗೆ ಕಟ್ಟಿದ್ದು. ದೊಡ್ಡ ಗಡಿಯಾರ 1927ರದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದಾಗಿನದು. ಅದಕ್ಕೆ ಒಗಟು ಹೀಗೆ:

ದೊಡ್ಡದೇ ಚಿಕ್ಕದು, ಚಿಕ್ಕದೇ ದೊಡ್ಡದು,
ಇಬ್ಬರ ನಡುವೆ ಎಷ್ಟು ವರ್ಷದ ಅಂತರ, ಹೇಳು ನೋಡುವಾ?

ಸರಸ್ವತಿಪುರಂ ಟೀಚರ್ · ಭಾನುವಾರ ಸಂಜೆ

ವಾ! ನಲವತ್ತೊಂದು! ನಮ್ಮ ಐದನೇ ಕ್ಲಾಸಿನ ಮಕ್ಕಳು ಇದಕ್ಕೆ ಕುಣಿಯುತ್ತಾರೆ.

ದೊಡ್ಡ ಗಡಿಯಾರದಲ್ಲಿ ಇನ್ನೊಂದು ಬಳಸಿಕೊಳ್ಳಿ. ಅದರ ಮುಖದ ಮೇಲಿರುವುದು ಕನ್ನಡ ಅಂಕಿ. ಇವತ್ತಿನ ಮಕ್ಕಳಿಗೆ ಕನ್ನಡ ಅಂಕಿ ಓದುವುದೇ ಕಷ್ಟ. ಪುಸ್ತಕದ ಪುಟಸಂಖ್ಯೆಯೂ 1, 2, 3 ಆಗಿರುತ್ತದೆ. ನಾನು ಪಾಠ ಮಾಡುವಾಗ ನೋಡಿದ್ದೇನೆ, ೩, ೬, ೯ ಮೂರನ್ನೂ ಒಂದಕ್ಕೊಂದು ಬೆರೆಸಿಬಿಡುತ್ತಾರೆ. ಗಡಿಯಾರದ ಕೆಳಗೆ ನಿಲ್ಲಿಸಿ, "ಬಲಗಡೆ ಕೈ ಚಾಚಿದರೆ ಇರುವುದು ಯಾರು, ಪಾದದ ಕೆಳಗೆ ಯಾರು, ಎಡಗಡೆ ಯಾರು" ಅಂತ ಕೇಳಿ. ಜಾಗದಿಂದ ಬೆಲೆ ಗೊತ್ತಾಗುತ್ತದೆ, ಬೆಲೆಯಿಂದ ಅಕ್ಷರ ಗೊತ್ತಾಗುತ್ತದೆ. ಒಂದು ಸಲ ಹಾಗೆ ಕಲಿತರೆ ಮರೆಯುವುದಿಲ್ಲ.

ಒಂದು ಕೋರಿಕೆ. ಎಲ್ಲ ಮಕ್ಕಳ ಹತ್ತಿರವೂ ಫೋನ್ ಇರುವುದಿಲ್ಲ. ಇರುವ ಮನೆಯಲ್ಲೂ ಭಾನುವಾರ ಅಪ್ಪನ ಕೈಯಲ್ಲಿ ಇರುತ್ತದೆ. ಮೂರು ಮೂರು ಮಕ್ಕಳ ಗುಂಪು ಮಾಡಿ, ಗುಂಪಿಗೆ ಒಬ್ಬ ದೊಡ್ಡವರು, ಒಂದೇ ಫೋನ್ ಇರಲಿ. ಪಾರ್ಕಿನ ಒಳಗೆ ಫೋನ್ ಜೇಬಿಗೆ ಹಾಕಿಸಿ. ದಿಕ್ಸೂಚಿ, ಹೆಜ್ಜೆ ಲೆಕ್ಕ, ಕೈಯಲ್ಲಿ ಬರೆದ ನಕ್ಷೆ ಸಾಕು.

ಮಲ್ಲಿಗೆ ಮೊಳ · ಭಾನುವಾರ ರಾತ್ರಿ

ನಮ್ಮ ತಂದೆಯವರದು ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಅಂಗಡಿ. ಇದನ್ನೆಲ್ಲ ಓದುತ್ತಾ ಕೂತಿದ್ದೆ. ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ.

ನಮ್ಮ ಅಂಗಡಿ ಮುಂದೆ ದಿನಾ ಜನ ಬಂದು ಫೋಟೋ ತೆಗೆಯುತ್ತಾರೆ. ಕುಂಕುಮದ ಗುಡ್ಡೆ, ಬಾಳೆಗೊನೆ, ಮಲ್ಲಿಗೆ ಹಾರ, ನಮ್ಮಪ್ಪನ ಕೈ. ಅಪ್ಪನ ಮುಖ ನೋಡಿ ಮಾತಾಡಿಸುವವರು ಕಡಿಮೆ. ಒಂದು ಮೊಳ ಹೂವು ತೆಗೆದುಕೊಳ್ಳುವವರು ಇನ್ನೂ ಕಡಿಮೆ. ಮಕ್ಕಳ ಗುಂಪು ಓಡಾಡಿಕೊಂಡು ಬಂದು ಏನೋ ಎಣಿಸಿ ಓಡಿಹೋದರೆ ಅದೂ ಹಾಗೇ ಆಗುತ್ತದೆ. ಬೆಳಿಗ್ಗೆ ಹೊತ್ತು ದಾರಿಯಲ್ಲಿ ಗಾಡಿ, ಮೂಟೆ, ತಲೆಹೊರೆ. ಮಕ್ಕಳು ಓಡಿದರೆ ಅವರಿಗೂ ಪೆಟ್ಟು, ಹೊರುವವರಿಗೂ ತೊಂದರೆ.

ಅದಕ್ಕೆ ಒಂದು ಮಾತು. ಮಾರುಕಟ್ಟೆಯ ಸುಳಿವು ಗೋಡೆ ಮೇಲೆ ಬೇಡ. ಮನುಷ್ಯರ ಬಾಯಲ್ಲಿ ಇರಲಿ. ಮಧ್ಯಾಹ್ನ ಎರಡರ ಮೇಲೆ ನಮ್ಮ ಸಾಲಿನಲ್ಲಿ ವ್ಯಾಪಾರ ಸ್ವಲ್ಪ ಇಳಿಯುತ್ತದೆ. ಆಗ ಮಕ್ಕಳು ಬಂದು ಅಪ್ಪನನ್ನು ಕೇಳಲಿ, "ಎಷ್ಟು ಮೊಳ ಸೇರಿದರೆ ಒಂದು ಮಾರು?" ಅಂತ. ಅಪ್ಪ ಬಾಯಲ್ಲಿ ಹೇಳುವುದಿಲ್ಲ. ಕೈ ಚಾಚಿ ಅಳೆದು ತೋರಿಸುತ್ತಾರೆ. ಮಕ್ಕಳೇ ಎಣಿಸಿಕೊಳ್ಳಲಿ. ಅಪ್ಪನನ್ನು ಆಗಲೇ ಕೇಳಿದ್ದೇನೆ, ಖುಷಿಯಿಂದ ಒಪ್ಪಿದ್ದಾರೆ.

ಅಗ್ರಹಾರದ ಅತ್ತೆ · ಭಾನುವಾರ ರಾತ್ರಿ

ನೀವು ಬರೆದದ್ದನ್ನು ಮೂರು ಸಲ ಓದಿದೆ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಮಾರುಕಟ್ಟೆಯನ್ನು ನಾನು ನೋಡುವ ಜಾಗ ಅಂತ ಮಾತ್ರ ಅಂದುಕೊಂಡಿದ್ದೆ. ಅದು ನಿಮ್ಮ ಮನೆ ನಡೆಯುವ ಜಾಗ. ಮಧ್ಯಾಹ್ನ ಎರಡರ ಮೇಲೇ ಬರುತ್ತೇವೆ. ಹಾಗಾಗಿ ಆಟವನ್ನೇ ಊಟ ಆದ ಮೇಲೆ ಶುರು ಮಾಡುತ್ತೇವೆ. ಪ್ರತಿ ಗುಂಪೂ ಒಂದು ಮೊಳ ಹೂವು ಕೊಂಡೇ ಮುಂದೆ ಹೋಗಬೇಕು. ಮಕ್ಕಳೇ ದುಡ್ಡು ಕೊಟ್ಟು ಚಿಲ್ಲರೆ ಎಣಿಸಲಿ.

ಮಂಡ್ಯದ ಮಗ · ಸೋಮವಾರ

ಅಕ್ಕಾ, ಮೊಳ ಮಾರು ಲೆಕ್ಕ ನನ್ನ ಮಗನಿಗೆ ಗೊತ್ತಿಲ್ಲ. ನಮ್ಮಮ್ಮನಿಗೆ ಗೊತ್ತು. ಈಗಲೇ ಹೇಳಿಕೊಡಬೇಡಿ ಅಂತ ಅಮ್ಮನಿಗೆ ಹೇಳಿಟ್ಟಿದ್ದೇನೆ.

ಒಂದು ತೊಂದರೆ ಆಯಿತು. ಡಬ್ಬಿ ಹುಡುಕುವ ಸರ್ ನನಗೆ ಅಭ್ಯಾಸಕ್ಕೆ ಅಂತ ಅರಮನೆಯ ಅಂಕಿ ಕಳಿಸಿದ್ದರು. ಉತ್ತರ 12 ಡಿಗ್ರಿ 18.3, ಪೂರ್ವ 76 ಡಿಗ್ರಿ 39.3. ನಾನು ಫೋನಿನಲ್ಲಿ 12.183, 76.393 ಅಂತ ಹಾಕಿದೆ. ಅದು ಮೈಸೂರು ಬಿಟ್ಟು ಹೆಗ್ಗಡದೇವನಕೋಟೆ ದಿಕ್ಕಿಗೆ ತೋರಿಸುತ್ತಿದೆ. ಎಲ್ಲಿ ತಪ್ಪಿದೆ?

ಆಕಾಶ ನೋಡುವವ · ಸೋಮವಾರ

ಇದು ತುಂಬಾ ಜನಕ್ಕೆ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಅದು 18.3 ನಿಮಿಷ. ಒಂದು ಡಿಗ್ರಿಗೆ 60 ನಿಮಿಷ, ನಮ್ಮ ಗಂಟೆಯ ಹಾಗೇ. 18.3 ಅನ್ನು 60ರಿಂದ ಭಾಗಿಸಿದರೆ 0.305. ಅಂದರೆ ಫೋನಿಗೆ ಹಾಕಬೇಕಾದ್ದು 12.305. ಹಾಗೇ 39.3 ಭಾಗಿಸು 60 ಅಂದರೆ 0.655. ಹಾಕಬೇಕಾದ್ದು 76.655. ನೀವು ಹಾಕಿದ್ದು ಅರಮನೆಯಿಂದ ಮೂವತ್ತು ಕಿಲೋಮೀಟರ್ ಆಚೆಯ ಜಾಗ. ಈ ಆಟದಲ್ಲಿ ಡಿಗ್ರಿ ಮತ್ತು ದಶಾಂಶ ನಿಮಿಷದಲ್ಲಿ ಬರೆಯುವುದು ರೂಢಿ. ಚುಕ್ಕೆಯ ಮುಂದೆ ಮೂರು ಅಂಕಿ. ಆ ಮೂರನೇ ಅಂಕಿ ಒಂದು ಬದಲಾದರೆ ಉತ್ತರ ದಕ್ಷಿಣಕ್ಕೆ 1.85 ಮೀಟರ್ ಸರಿದ ಹಾಗೆ. ಅಂದರೆ ಒಂದು ಮಾರಿನ ಹತ್ತಿರ! ಹೂವಿನ ಅಂಗಡಿಯ ಲೆಕ್ಕಕ್ಕೂ ಉಪಗ್ರಹದ ಲೆಕ್ಕಕ್ಕೂ ಹೀಗೆ ನಂಟು ಸಿಕ್ಕಿತಲ್ಲ, ನನಗೆ ತುಂಬಾ ಸಂತೋಷವಾಯಿತು. ಇದನ್ನು ಮಕ್ಕಳಿಗೆ ಖಂಡಿತ ಹೇಳಿ.

ಇನ್ನೊಂದು ಎಚ್ಚರಿಕೆ. ಫೋನಿನ ಜಿಪಿಎಸ್ಸಿಗೆ ಕಡಿಮೆ ಅಂದರೂ ನಾಲ್ಕು ಉಪಗ್ರಹ ಕಾಣಬೇಕು. ಮೂರು ಜಾಗಕ್ಕೆ, ನಾಲ್ಕನೆಯದು ಫೋನಿನ ಗಡಿಯಾರದ ತಪ್ಪು ತಿದ್ದುವುದಕ್ಕೆ. ಇವು ಇರುವುದು ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಬಯಲಲ್ಲಿ ಐದು ಮೀಟರಿನೊಳಗೆ ಹೇಳುತ್ತದೆ. ದೊಡ್ಡ ಮರದ ಕೆಳಗೆ, ಗೋಡೆ ಪಕ್ಕದಲ್ಲಿ ಸಿಗ್ನಲ್ ಬಡಿದು ತಿರುಗಿ ಬರುತ್ತದೆ. ಆಗ ಫೋನಿನ ನಕ್ಷೆಯಲ್ಲಿ ನಮ್ಮ ಜಾಗ ತೋರಿಸುವ ಚುಕ್ಕೆ ಆಚೆ ಈಚೆ ಹಾರುತ್ತದೆ. ಅದಕ್ಕೆ ಡಬ್ಬಿ ಇಡುವ ಜಾಗದಲ್ಲಿ ಒಂದೇ ಸಲ ನೋಡಿ ಬರೆದುಕೊಳ್ಳಬೇಡಿ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಲ್ಲಿ ಹೋಗಿ ನಾಲ್ಕೈದು ಸಲ ಬರೆದುಕೊಂಡು ಸರಾಸರಿ ತೆಗೆಯಿರಿ.

ಮತ್ತೆ, ಹೊರದೇಶದಿಂದ ಯಾರಾದರೂ ನೆಂಟರು ಬರುವುದಿದ್ದರೆ ಹೇಳಿಬಿಡಿ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನವನ್ನು ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಫೋನು ಸಾಕು.

ಹಳೇ ಪೇಟೆ · ಮಂಗಳವಾರ

ಪುರಭವನಕ್ಕೆ ನನ್ನದೊಂದು ಸುಳಿವು. ಅದರ ಪೂರ್ತಿ ಹೆಸರು ರಂಗಾಚಾರ್ಲು ಸ್ಮಾರಕ ಭವನ. ದಿವಾನ್ ರಂಗಾಚಾರ್ಲು ಅವರ ನೆನಪಿಗೆ ಕಟ್ಟಿದ್ದು. 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು ಅವರ ಕಾಲದಲ್ಲಿ. ಊರೂರಿನಿಂದ ರೈತರು, ವ್ಯಾಪಾರಿಗಳು ಬಂದು ದಿವಾನರ ಮುಂದೆ ಕಷ್ಟ ಹೇಳಿಕೊಳ್ಳುತ್ತಿದ್ದರು. ಮಕ್ಕಳನ್ನು ಮೆಟ್ಟಿಲ ಮೇಲೆ ಕೂರಿಸಿ ಇದೊಂದು ಕಥೆ ಹೇಳಿ. ಅವರು ಮೂರು ಹೊತ್ತೂ ಟೌನ್‌ಹಾಲ್ ಅನ್ನುತ್ತಾರೆ, ಹೆಸರು ಯಾರದ್ದು ಅಂತ ಕೇಳಿದರೆ ಗೊತ್ತಿರುವುದಿಲ್ಲ. "ಈ ಮನೆಗೆ ಹೆಸರು ಕೊಟ್ಟವರು ಯಾರು, ಆ ಹೆಸರಿನಲ್ಲಿ ಎಷ್ಟು ಅಕ್ಷರ?" ಅಂತ ಕೇಳಬಹುದು. ರಂ, ಗಾ, ಚಾ, ರ್ಲು. ಕನ್ನಡದಲ್ಲಿ ನಾಲ್ಕು.

ಕೆ.ಆರ್. ಸರ್ಕಲ್ ಮಾತ್ರ ಬಿಟ್ಟುಬಿಡಿ. ಬಸ್ಸಿನ ಗದ್ದಲ. ಪ್ರತಿಮೆಯ ಹತ್ತಿರ ಹೋಗಲು ರಸ್ತೆ ದಾಟಬೇಕು. ಈ ಕಡೆ ಫುಟ್‌ಪಾತಿನಿಂದಲೇ ನಾಲ್ವಡಿಯವರಿಗೆ ಕೈ ಮುಗಿದು ಮುಂದೆ ಹೋಗಲಿ.

ಸರಸ್ವತಿಪುರಂ ಟೀಚರ್ · ಮಂಗಳವಾರ

ಸರ್, ಅಕ್ಷರ ಎಣಿಸುವ ಸುಳಿವು ಬಹಳ ಚೆನ್ನಾಗಿದೆ. ಒತ್ತಕ್ಷರವನ್ನು ಎರಡು ಅಂತ ಎಣಿಸುವ ಮಕ್ಕಳು ಇರುತ್ತಾರೆ. ಅಲ್ಲೇ ಕೂತು ಸರಿ ಮಾಡೋಣ.

ಅಗ್ರಹಾರದ ಅತ್ತೆ · ಎರಡು ವಾರದ ನಂತರ

ಪಾರ್ಕಿನ ಒಪ್ಪಿಗೆ ಸಿಕ್ಕಿತು. ಎರಡು ಸಲ ಅಲೆದೆ. ಮೊದಲ ದಿನ ನಿಧಿ ಅಂದ ತಕ್ಷಣ ಅವರು ಗಾಬರಿಯಾದರು, ಯಾರೋ ಅಗೆಯಲು ಬಂದಿದ್ದಾರೆ ಅಂತ. ಎರಡನೇ ದಿನ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿದೆ. ಅಗೆಯುವುದಿಲ್ಲ, ಮೊಳೆ ಹೊಡೆಯುವುದಿಲ್ಲ, ಗಿಡ ತುಳಿಯುವುದಿಲ್ಲ ಅಂತ ಬರೆದುಕೊಟ್ಟೆ. ಒಪ್ಪಿದರು. ಅಲ್ಲಿನ ಮಾಲಿಯವರಿಗೆ ಜಾಗ ತೋರಿಸಿದ್ದೇನೆ. ಗುಡಿಸುವ ಅಮ್ಮನವರಿಗೂ ಹೇಳಿದ್ದೇನೆ. ಅವರಿಗೆ ಹೇಳದೆ ಹೋಗಿದ್ದರೆ ಮಾರನೇ ದಿನವೇ ಕಸದ ಗಾಡಿಗೆ ಹೋಗುತ್ತಿತ್ತು.

ಡಬ್ಬಿ ಪ್ಲಾಸ್ಟಿಕ್ಕಿನದು, ಮುಚ್ಚಳಕ್ಕೆ ರಬ್ಬರ್ ಇದೆ. ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿ ಮೇಲೆ ಕಲ್ಲಿಟ್ಟು ನೋಡಿದೆ. ಬೆಳಿಗ್ಗೆ ಒಳಗೆ ಒಂದು ಹನಿಯೂ ಇರಲಿಲ್ಲ. ಪೆನ್ ಬದಲು ಪೆನ್ಸಿಲ್ ಇಟ್ಟಿದ್ದೇನೆ, ಒದ್ದೆಯಾದರೂ ಬರೆದದ್ದು ಅಳಿಸುವುದಿಲ್ಲ. ಒಳಗೆ ಗೋಲಿ, ಬುಗುರಿ, ಚನ್ನಪಟ್ಟಣದ ಪುಟ್ಟ ಗೊಂಬೆ ಎರಡು, ಕವಡೆ. ತಿಂಡಿ ಇಲ್ಲ, ಇರುವೆ ಬರುತ್ತದೆ.

ಮಂಡ್ಯದ ಮಗ · ಆಟದ ದಿನ ರಾತ್ರಿ

ಈಗ ತಾನೇ ಮನೆಗೆ ಬಂದೆವು. ಮಗ ರೈಲಿನಲ್ಲೇ ಮಲಗಿಬಿಟ್ಟ. ಮರೆಯುವ ಮುಂಚೆ ಬರೆದುಬಿಡುತ್ತೇನೆ.

ಹನ್ನೊಂದು ಮಕ್ಕಳು, ನಾಲ್ಕು ಗುಂಪು. ನಮ್ಮ ಗುಂಪು ಚಿಕ್ಕ ಗಡಿಯಾರದ ಹತ್ತಿರ ಇಸವಿ ಹುಡುಕುತ್ತಾ ಅದಕ್ಕೆ ಮೂರು ಸುತ್ತು ಹಾಕಿತು. ಪಕ್ಕದಲ್ಲಿ ನಿಂತಿದ್ದ ಆಟೋದವರು ಏನು ಹುಡುಕುತ್ತಿದ್ದೀರಿ ಅಂತ ಕೇಳಿ ಅವರೂ ಹುಡುಕಲು ಬಂದರು. ಹೂವಿನ ಅಂಗಡಿಯಲ್ಲಿ ದೊಡ್ಡವರು ಕೈ ಚಾಚಿ ದಾರ ಹಿಡಿದು ತೋರಿಸಿದರು. ಮೊಣಕೈಯಿಂದ ಬೆರಳ ತುದಿಗೆ ಒಂದು, ಎರಡು, ಮೂರು, ನಾಲ್ಕು. ಆಮೇಲೆ ನನ್ನ ಮಗನ ಕೈಯಲ್ಲೂ ಅಳೆಸಿದರು. ಅವನ ಮೊಳ ಚಿಕ್ಕದು, ಅವನ ಮಾರೂ ಚಿಕ್ಕದು. ಆದರೂ ನಾಲ್ಕೇ ಬಂತು! ಅವನು ಅದನ್ನು ನಂಬಲಿಲ್ಲ. ನನ್ನ ಕೈ ಅಳೆದ, ಪಕ್ಕದ ಬಾಳೆಹಣ್ಣಿನವರ ಕೈ ಅಳೆದ. ಅಲ್ಲೇ ಇಪ್ಪತ್ತು ನಿಮಿಷ ಕಳೆಯಿತು. ಕೊನೆಯವರಾಗಿ ಬಂದದ್ದು ನಾವೇ, ಆದರೆ ಅವನಿಗೆ ಅದರ ಚಿಂತೆಯೇ ಇರಲಿಲ್ಲ.

ದೊಡ್ಡ ಗಡಿಯಾರದಲ್ಲಿ ಒಂದು ಗುಂಪು ೬ ಅನ್ನು ೯ ಅಂತ ಓದಿ ಲೆಕ್ಕ ತಪ್ಪಿ ಪಾರ್ಕಿನ ಬೇರೆ ಮೂಲೆಗೆ ಹೋಗಿತ್ತು. ಟೀಚರ್ ಮೇಡಂ ಬೈಯಲಿಲ್ಲ. ವಾಪಸ್ ಗಡಿಯಾರದ ಕೆಳಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು.

ಅಮ್ಮನಿಗೆ ಒಂದು ಮೊಳ ಮಲ್ಲಿಗೆ ತಂದಿದ್ದಾನೆ. ರೈಲಿನಲ್ಲಿ ಪೂರ್ತಿ ಅದೇ ವಾಸನೆ.

ಮಲ್ಲಿಗೆ ಮೊಳ · ಆಟದ ದಿನ ರಾತ್ರಿ

ಅಪ್ಪ ಇವತ್ತು ಊಟಕ್ಕೆ ಕೂತವರು ಮಕ್ಕಳ ವಿಷಯವನ್ನೇ ಮಾತಾಡುತ್ತಿದ್ದರು. ಯಾವ ಹುಡುಗಿ ಯಾವ ಪ್ರಶ್ನೆ ಕೇಳಿದಳು, ಯಾರ ಕೈ ಎಷ್ಟುದ್ದ ಅಂತ. ನಲವತ್ತು ವರ್ಷ ಅಳೆದಿದ್ದೇನೆ, ಲೆಕ್ಕ ಯಾಕೆ ಹೀಗೆ ಅಂತ ಯಾರೂ ಕೇಳಿರಲಿಲ್ಲ ಅಂದರು.

ಡಬ್ಬಿ ಹುಡುಕುವವನು · ಮಾರನೇ ದಿನ

ಮುಂದಿನದಕ್ಕೆ ಕುಕ್ಕರಹಳ್ಳಿ ಕೆರೆ ಏರಿ ನೋಡೋಣವಾ? ಅಲ್ಲಿ ಡಬ್ಬಿಯೇ ಬೇಡ. ಹೆಜ್ಜಾರ್ಲೆ, ನೀರುಕಾಗೆ, ಬಣ್ಣದ ಕೊಕ್ಕರೆ ಇವೆ. ಹಕ್ಕಿ ಎಣಿಸುವುದೇ ಸುಳಿವು. ಆದರೆ ಹಕ್ಕಿ ದಿನಾ ಒಂದೇ ಲೆಕ್ಕ ಇರುವುದಿಲ್ಲವಲ್ಲ, ಅದಕ್ಕೇನು ಮಾಡುವುದು ಅಂತ ಯೋಚಿಸುತ್ತಿದ್ದೇನೆ.

ಸರಸ್ವತಿಪುರಂ ಟೀಚರ್ · ಮಾರನೇ ದಿನ

ಎಷ್ಟು ಹಕ್ಕಿ ಅನ್ನಬೇಡಿ ಸರ್. ಎಷ್ಟು ಬಗೆಯ ಕೊಕ್ಕು ಅಂತ ಕೇಳಿ.

ಅಗ್ರಹಾರದ ಅತ್ತೆ · ಮೂರು ವಾರದ ನಂತರ

ಡಬ್ಬಿಯನ್ನು ನೋಡಿಕೊಂಡು ಬಂದೆ. ಮಳೆ ಬಿದ್ದರೂ ಪುಸ್ತಕ ಒಣಗಿದ ಹಾಗೇ ಇದೆ. ಹೊಸದಾಗಿ ಐದು ಹೆಸರು ಸೇರಿವೆ. ಒಂದು ಗೋಲಿ ಹೋಗಿದೆ, ಬದಲಿಗೆ ಒಂದು ಹುಣಸೆ ಬೀಜ ಬಂದಿದೆ.

ಮಾಲಿಯವರು ಕೊಂಬೆ ಕಡಿಯುವಾಗ ಡಬ್ಬಿಗೆ ಏಟು ಬೀಳಬಾರದು ಅಂತ ಅದನ್ನು ಪಕ್ಕದ ಮರಕ್ಕೆ ಸರಿಸಿಟ್ಟಿದ್ದಾರೆ. ಅಲ್ಲಿಯೇ ಇರಲಿ ಅಂದೆ, ನೆರಳೂ ಚೆನ್ನಾಗಿದೆ. ಮೂರು ಸಲ ಅಳೆದು ನೋಡಿದೆ. ಯಾರ ಹತ್ತಿರ ಹಳೇ ಅಂಕಿ ಇದೆಯೋ ಅವರು ಉತ್ತರ ಅಕ್ಷಾಂಶದ ಕೊನೆಯ ಅಂಕಿಗೆ ಎರಡು ಸೇರಿಸಿಕೊಳ್ಳಿ. ಪೂರ್ವದ್ದು ಹಾಗೇ ಇರಲಿ. ಎರಡು ಮಾರು ದೂರ ಅಷ್ಟೇ.